ಚೀಕಲಪರವಿಯ ವಿಜಯದಾಸರು

ಮಹನೀಯರ ಚರಿತ್ರೆಯನ್ನು ಬರೆಯುವುದು ಸುಲಭದ ಕೆಲಸವಲ್ಲ. ಅದರಲ್ಲಿಯೂ ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥ ವಿದ್ಯಾರ್ಥಿಯು ಇಂಥ ಕಾರ್ಯಕ್ಕೆ ಕೈಹಾಕಿದರೆ ಬಲ್ಲವರು ನಕ್ಕಾರೆಂಬ ಅಂಜಿಕೆ ನನಗೆ ಇದ್ದೇ ಇದೆ. ಆದರೂ ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ಹುಟ್ಟಿ, ಚದುರಿಹೋಗಿದ್ದ ಒಂದು ಭಕ್ತಸಮುದಾಯವನ್ನು ಹಾಡಿನ ದಾರದಿಂದ ಮತ್ತೆ ಪೋಣಿಸಿದ ಪುಣ್ಯಪುರುಷರೊಬ್ಬರ ವಿಷಯವನ್ನು ಬರೆಯದೆ ಹೋದರೆ ನನ್ನ ಮಟ್ಟಿಗೆ ಒಂದು ಋಣವು ತೀರದೆ ಉಳಿದಂತಾಗುವುದು. ಆ ಋಣ ಯಾವುದೆಂಬುದನ್ನು ಲೇಖನದ ಕೊನೆಯಲ್ಲಿ ನಿವೇದಿಸಿಕೊಳ್ಳುವೆನು.

ಕಳೆದ ವರ್ಷ ನಮ್ಮ ಇತಿಹಾಸದ ಅಧ್ಯಾಪಕರು ಪಾಠದ ನಡುವೆ ಆರ್ಮೇನಿಯನ್ನರ ವಿಷಯವನ್ನು ಹೇಳಿದರು. ತಮ್ಮ ನಾಡು ಪರರಾಜರ ಕಾಲ್ತುಳಿತಕ್ಕೆ ಸಿಕ್ಕಾಗ ಆ ಜನರು ದೇಶದೇಶಗಳಿಗೆ ಚದುರಿದರು. ವ್ಯಾಪಾರಕ್ಕೆಂದು ಬಂದ ಕೆಲವರು ಮದರಾಸಿನಲ್ಲಿ ನೆಲೆಸಿದರು. ಇಂದಿಗೂ ಅಲ್ಲಿ ಅವರ ಹೆಸರಿನ ಬೀದಿಯಿದೆ. 1772ರಲ್ಲಿ ಕಟ್ಟಿದ ಅವರ ಇಗರ್ಜಿಯಿದೆ. ಅಲ್ಲಿದ್ದ ಹರುತ್ಯೂನ್ ಶ್ಮಾವೊನ್ಯಾನ್ ಎಂಬ ಪಾದ್ರಿಯು 1794ರಲ್ಲಿ ಅಜ್ದಾರಾರ್ ಎಂಬ ಪತ್ರಿಕೆಯನ್ನು ಅಚ್ಚು ಹಾಕಿಸಿದನು. ಇಡೀ ಜಗತ್ತಿನಲ್ಲಿಯೇ ಆರ್ಮೇನಿಯನ್ ಭಾಷೆಯ ಮೊದಲನೆಯ ಪತ್ರಿಕೆ ಅದು. ತಾಯ್ನಾಡಿನಲ್ಲಿ ಅಲ್ಲ, ಸಾವಿರಾರು ಮೈಲಿ ದೂರದ ಮದರಾಸಿನಲ್ಲಿ! ಊರು ಕಳೆದುಕೊಂಡ ಜನಕ್ಕೆ ಮಾತೇ ಊರಾಗುವುದು, ಆ ಮಾತನ್ನು ಕಾಯುವ ಗುರುವೇ ದಾರಿ ತೋರುವನು ಎಂದು ಅಧ್ಯಾಪಕರು ವಿವರಿಸಿದರು. ಅಂಥ ಕೆಲಸವನ್ನು ನಮ್ಮ ಕಡೆಯಲ್ಲಿ ಯಾರಾದರೂ ಮಾಡಿದ್ದಾರೆಯೇ ಎಂಬ ಪ್ರಶ್ನೆ ಅಂದು ನನ್ನ ಮನಸ್ಸನ್ನು ಹೊಕ್ಕಿತು. ಅದಕ್ಕೆ ಉತ್ತರವನ್ನು ಹುಡುಕುತ್ತ ಹೊರಟಾಗ ದೊರೆತವರೇ ಮಾನ್ವಿ ತಾಲೂಕಿನ ಚೀಕಲಪರವಿಯ ವಿಜಯದಾಸರು. ಅವರ ಕೈಯಲ್ಲಿ ಅಚ್ಚಿನ ಯಂತ್ರವಿರಲಿಲ್ಲ, ತಂಬೂರಿಯಿತ್ತು.

ವಿಜಯದಾಸರ ಕಾರ್ಯದ ಹಿರಿಮೆ ತಿಳಿಯಬೇಕಾದರೆ ಅವರಿಗಿಂತ ಹಿಂದಿನ ನೂರಿಪ್ಪತ್ತು ವರ್ಷಗಳ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ವ್ಯಾಸರಾಯರ ಕಾಲದಲ್ಲಿ ಹರಿದಾಸರ ಕೂಟವು ವಿಜಯನಗರದಲ್ಲಿ ತುಂಬಿ ತುಳುಕುತ್ತಿತ್ತು. ಪುರಂದರದಾಸರು 1564ರಲ್ಲಿ ದೈವಾಧೀನರಾದರು. ಮರುವರ್ಷವೇ, ಅಂದರೆ 1565ರಲ್ಲಿ, ರಕ್ಕಸತಂಗಡಗಿಯ ಕಾಳಗದಲ್ಲಿ ವಿಜಯನಗರವು ಸೋತು ಹಂಪೆಯು ಹಾಳುಬಿದ್ದಿತು. ಆಶ್ರಯ ಕೊಟ್ಟ ನಗರವೇ ಇಲ್ಲವಾದ ಮೇಲೆ ಕೂಟವೆಲ್ಲಿಯದು? ಹಾಡುವವರು ಒಬ್ಬೊಬ್ಬರಾಗಿ ಹಳ್ಳಿಗಳನ್ನು ಸೇರಿದರು. ನಡುವೆ ಕಾಖಂಡಕಿಯ ಮಹೀಪತಿದಾಸರಂಥ ಹಿರಿಯರು ಆಗಿಹೋದರೂ ದಾಸಕೂಟವೆಂಬುದು ಮೊದಲಿನಂತೆ ಒಂದುಗೂಡಲಿಲ್ಲ.

ಇತ್ತ ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಸೀಮೆಯಂತೂ ಆಳುವವರ ಕುಸ್ತಿಯ ಕಣವಾಗಿತ್ತು. ರಾಯಚೂರಿನ ಕೋಟೆಗಾಗಿ ಎಷ್ಟು ಕಾಳಗಗಳು ನಡೆದುವೆಂಬುದನ್ನು ನಾವೆಲ್ಲರೂ ಪಠ್ಯಪುಸ್ತಕದಲ್ಲಿ ಓದಿದ್ದೇವೆ. 1686ರಲ್ಲಿ ವಿಜಾಪುರದ ಆದಿಲಶಾಹಿಯು ಔರಂಗಜೇಬನ ಕೈಗೆ ಬಿದ್ದಿತು. 1724ರ ಹೊತ್ತಿಗೆ ಹೈದರಾಬಾದಿನ ನಿಜಾಮನ ಆಳಿಕೆ ತಲೆಯೆತ್ತಿತು. ದಂಡು ಹಾದುಹೋದ ದಾರಿಯಲ್ಲಿ ಬೆಳೆ ಉಳಿಯುವುದೇ? ಬೆಳೆ ಹೋದ ಊರಿನಲ್ಲಿ ಜನ ನಿಲ್ಲುವುದೇ? ಇಂಥ ಕಾಲದಲ್ಲಿ, 1682ರಲ್ಲಿ, ತುಂಗಭದ್ರೆಯ ದಡದ ಚೀಕಲಪರವಿ ಗ್ರಾಮದಲ್ಲಿ ಶ್ರೀನಿವಾಸಪ್ಪ ಮತ್ತು ಕೂಸಮ್ಮ ಎಂಬ ಬಡ ದಂಪತಿಗಳ ಉದರದಲ್ಲಿ ದಾಸಪ್ಪನೆಂಬ ಮಗು ಜನಿಸಿತು. ಈ ದಾಸಪ್ಪನೇ ಮುಂದೆ ವಿಜಯದಾಸರೆಂದು ಹೆಸರಾದನು.

ಮನೆಯಲ್ಲಿ ಬಡತನವು ಕಾಲು ಮುರಿದುಕೊಂಡು ಬಿದ್ದಿತ್ತು. ಒಂದು ಹೊತ್ತು ಉಂಡರೆ ಇನ್ನೊಂದು ಹೊತ್ತಿಗೆ ಇಲ್ಲ. ಬಡವರ ಮನೆಯ ಹುಡುಗನನ್ನು ಉಳ್ಳವರು ಹೇಗೆ ನಡೆಸಿಕೊಳ್ಳುವರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅವಮಾನವನ್ನು ತಾಳಲಾರದೆ ಆ ಹುಡುಗನು ಊರು ಬಿಟ್ಟು ನಡೆದನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಊರೂರು ಅಲೆದು, ಕಾಶಿಯವರೆಗೂ ಹೋಗಿ, ಮರಳಿ ಬಂದು, ಅರಳಮ್ಮನೆಂಬ ಕನ್ಯೆಯನ್ನು ವಿವಾಹವಾಗಿ ಸಂಸಾರ ಹೂಡಿದನು. ಆದರೂ ಬಡತನ ಹಿಂಗಲಿಲ್ಲ. ಮನಸ್ಸಿಗೂ ನೆಲೆ ದೊರೆಯಲಿಲ್ಲ. ಮತ್ತೆ ಕಾಶಿಯ ದಾರಿ ಹಿಡಿದನು. ಅಲ್ಲಿ ಒಂದು ರಾತ್ರಿ ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು, ನಾಲಗೆಯ ಮೇಲೆ ವಿಜಯವಿಠಲ ಎಂಬ ಅಂಕಿತವನ್ನು ಬರೆದರೆಂಬುದು ದಾಸ ಪರಂಪರೆಯ ನಂಬಿಕೆ.

ಈ ಕನಸನ್ನು ಕೆಲವರು ನಂಬಬಹುದು, ಕೆಲವರು ನಂಬದಿರಬಹುದು. ನನಗೆ ತೋರುವುದಿಷ್ಟೇ. ಪುರಂದರದಾಸರು ಕಾಲವಾಗಿ ನೂರು ವರ್ಷಗಳ ಮೇಲಾಗಿತ್ತು. ಮುರಿದ ಗುರುಪರಂಪರೆಯ ಕೊಂಡಿಯನ್ನು ಬೆಸೆಯುವ ಜೀವಂತ ಗುರು ಯಾರೂ ಇರಲಿಲ್ಲ. ಆ ಕೊಂಡಿಯನ್ನು ಚೀಕಲಪರವಿಯ ಬಡವನೊಬ್ಬನು ತನ್ನ ಕನಸಿನಲ್ಲಿ ಬೆಸೆದುಕೊಂಡನು. ಊರಿನಿಂದ ಹಸಿದು ಹೋದ ದಾಸಪ್ಪನು ಹಾಡು ಹೊತ್ತು ವಿಜಯದಾಸರಾಗಿ ಬಂದರು.

ಅಂದಿನಿಂದ ಅವರು ಮಾಡಿದ ಕಾರ್ಯವನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಸಂಚಾರ. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಜಹಗೀರು ಇರಲಿಲ್ಲ. ಗೋಪಾಳ ಬುಟ್ಟಿಯನ್ನು ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಮನೆಯಿಂದ ಮನೆಗೆ, ಊರಿನಿಂದ ಊರಿಗೆ ನಡೆದರು. ತಿರುಪತಿ, ಪಂಢರಪುರ, ಉಡುಪಿ, ಕಾಶಿ ಮೊದಲಾದ ಕ್ಷೇತ್ರಗಳನ್ನು ಕಂಡು, ಕಂಡ ಕಂಡ ಕ್ಷೇತ್ರಗಳ ಮೇಲೆ ಹಾಡು ಕಟ್ಟಿದರು. ಹಳ್ಳಿಯನ್ನು ಬಿಟ್ಟು ಹೋಗಲಾರದ ಹೆಂಗಸರು ಮಕ್ಕಳು ಆ ಹಾಡಿನ ಮೂಲಕವೇ ಯಾತ್ರೆ ಮಾಡಿದರು.

ಎರಡನೆಯದು, ಸುಳಾದಿಗಳ ರಚನೆ. ಸುಳಾದಿಯೆಂದರೆ ಒಂದೇ ತಾಳದಲ್ಲಿ ಹಾಡುವ ಪದವಲ್ಲ. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿವಿಡೆ, ಅಟ್ಟ, ಏಕ ಮುಂತಾಗಿ ತಾಳವು ಒಂದಾದ ಮೇಲೊಂದು ಬದಲಾಗುತ್ತ ಹೋಗಿ, ಕಡೆಗೆ ಜತೆಯೆಂಬ ಎರಡು ಸಾಲಿನಲ್ಲಿ ಮುಕ್ತಾಯವಾಗುವ ದೀರ್ಘರಚನೆ. ಮಧ್ವಶಾಸ್ತ್ರದ ಪಂಚಭೇದ, ತಾರತಮ್ಯ ಮೊದಲಾದ ಗಹನ ವಿಷಯಗಳು ಅಂದು ಸಂಸ್ಕೃತ ಬಲ್ಲ ಪಂಡಿತರ ಸೊತ್ತಾಗಿದ್ದುವು. ವಿಜಯದಾಸರು ಅವನ್ನು ಕನ್ನಡದ ಸುಳಾದಿಗಳಲ್ಲಿ ಇಳಿಸಿದರು. ತಾಳ ಬದಲಾದಂತೆ ವಿಷಯದ ಮಗ್ಗುಲೂ ಬದಲಾಗುವುದರಿಂದ ಕೇಳುವವನಿಗೆ ಬೇಸರವಿಲ್ಲ, ಹಾಡಾದುದರಿಂದ ಮರೆವಿಲ್ಲ. ಅವರು ಇಪ್ಪತ್ತೈದು ಸಾವಿರ ಪದ ಸುಳಾದಿಗಳನ್ನು ರಚಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಇಂದು ನಮಗೆ ದೊರೆಯುವುದು ಅದರ ಒಂದು ಭಾಗ ಮಾತ್ರ. ಆದರೂ ಸುಳಾದಿಯೆಂದೊಡನೆ ವಿಜಯದಾಸರ ಹೆಸರೇ ಮೊದಲು ನೆನಪಾಗುವಷ್ಟು ಅದು ವಿಪುಲವಾಗಿದೆ.

ಮೂರನೆಯದು, ಎಲ್ಲಕ್ಕಿಂತ ಹಿರಿದಾದುದು, ಅಂಕಿತದಾನ. ಅಂಕಿತವೆಂದರೆ ಹಾಡಿನ ಕೊನೆಯಲ್ಲಿ ಬರುವ ಮುದ್ರಿಕೆ. ಅದನ್ನು ತಾನೇ ಇಟ್ಟುಕೊಳ್ಳುವಂತಿಲ್ಲ, ಗುರುವು ಕೊಡಬೇಕು. ಅಂಕಿತ ಪಡೆದವನು ಎಲ್ಲಿಯೇ ಇರಲಿ, ಆ ಗುರುವಿನ ಮನೆತನಕ್ಕೆ ಸೇರಿದವನಾಗುವನು. ಚದುರಿದ ಜನರನ್ನು ಒಂದು ಊರಿಗೆ ಕರೆದು ಕೂಡಿಸುವ ಶಕ್ತಿ ವಿಜಯದಾಸರಿಗೆ ಇರಲಿಲ್ಲ. ಆದುದರಿಂದ ಅವರು ಇದ್ದಲ್ಲಿಯೇ ಒಂದೊಂದು ಹೆಸರು ಕೊಟ್ಟರು. ಅವರಿಂದ ಅಂಕಿತ ಪಡೆದವರಲ್ಲಿ ವ್ಯಾಸವಿಠಲರೆನಿಸಿದ ಕಲ್ಲೂರು ಸುಬ್ಬಣ್ಣಾಚಾರ್ಯರಂಥ ದೊಡ್ಡ ವಿದ್ವಾಂಸರಿದ್ದರು. ದಿಕ್ಕಿಲ್ಲದ ಕೂಸಾಗಿ ಅವರ ಮನೆ ಸೇರಿ, ಅವರ ಮಗನಂತೆಯೇ ಬೆಳೆದ ಮೋಹನದಾಸರೂ ಇದ್ದರು.

ಈ ಶಿಷ್ಯರಲ್ಲಿ ಅಗ್ರಗಣ್ಯರು ನಮ್ಮ ದೇವದುರ್ಗ ತಾಲೂಕಿನವರೆಂಬುದು ನಮಗೆ ಹೆಮ್ಮೆಯ ವಿಷಯ. 1721ರಲ್ಲಿ ಮೊಸರಕಲ್ಲು ಗ್ರಾಮದಲ್ಲಿ ಹುಟ್ಟಿದ ಭಾಗಣ್ಣನು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕಾಯಿತು. ಕಡೆಗೆ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆ ದೊರೆಯಿತು. ಗಾಯತ್ರೀ ಜಪದಲ್ಲಿ ನಿರತನಾಗಿ, ಜ್ಯೋತಿಷ್ಯದಲ್ಲಿ ಹೆಸರು ಮಾಡಿದ್ದ ಈ ತರುಣನನ್ನು ವಿಜಯದಾಸರು ಗುರುತಿಸಿ ಗೋಪಾಲವಿಠಲ ಎಂಬ ಅಂಕಿತವನ್ನು ಅನುಗ್ರಹಿಸಿದರು. ಅವರೇ ಗೋಪಾಲದಾಸರು. ಭಕ್ತಿಯೆಂದರೆ ಭಾಗಣ್ಣನದು ಎಂಬ ಮಾತು ದಾಸರಲ್ಲಿ ಗಾದೆಯಾಗಿದೆ. ಅವರ ಮೂವರು ತಮ್ಮಂದಿರೂ ಗುರುಗೋಪಾಲವಿಠಲ, ವರದಗೋಪಾಲವಿಠಲ, ತಂದೆಗೋಪಾಲವಿಠಲ ಎಂಬ ಅಂಕಿತಗಳಿಂದ ಹಾಡಿದರು. ಹೆಸರುಗಳನ್ನು ನೋಡಿದರೇ ಸಾಕು, ಒಂದು ಬಳ್ಳಿಯ ಕಾಯಿಗಳೆಂಬುದು ತಿಳಿಯುವುದು. ಗೋಪಾಲದಾಸರು ಮುಂದೆ ಹೆಳವನಕಟ್ಟೆಯ ಗಿರಿಯಮ್ಮನಂಥ ಸ್ತ್ರೀಗೂ ದಾಸದೀಕ್ಷೆಯ ದಾರಿಯನ್ನು ತೆರೆದರು.

ಇನ್ನು ಮಾನ್ವಿಯ ಪ್ರಸಂಗ. ಇದನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರು ವಿರಳ. ಆದರೂ ನನ್ನ ಲೇಖನದ ಜೀವಾಳವೇ ಇದಾದುದರಿಂದ ಹೇಳದೆ ಗತ್ಯಂತರವಿಲ್ಲ. ಮಾನ್ವಿ ತಾಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ ಸಂಸ್ಕೃತದಲ್ಲಿ ಉದ್ದಾಮ ಪಂಡಿತರೆನಿಸಿದರು. ಗೆಜ್ಜೆ ಕಟ್ಟಿ, ತಾಳ ಹಿಡಿದು, ಬೀದಿಯಲ್ಲಿ ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಒಮ್ಮೆ ವಿಜಯದಾಸರು ಮಾನ್ವಿಗೆ ಬಂದಾಗ ಆಚಾರ್ಯರನ್ನು ಪ್ರಸಾದಕ್ಕೆ ಕರೆದರು. ಹೋಗಲು ಆಚಾರ್ಯರಿಗೆ ಮನಸ್ಸಿಲ್ಲ. ಮುಖಕ್ಕೆ ಹೊಡೆದಂತೆ ಒಲ್ಲೆನೆನ್ನಲೂ ಆಗದು. ಹೊಟ್ಟೆ ನೋಯುತ್ತಿದೆಯೆಂದು ನೆಪ ಹೇಳಿ ಕಳುಹಿಸಿದರು. ಹೇಳಿದ ಸುಳ್ಳು ನಿಜವಾಗಿ ಅಂದಿನಿಂದ ಅಸಾಧ್ಯವಾದ ಉದರಶೂಲೆ ಹತ್ತಿಕೊಂಡಿತು. ಮಂತ್ರಾಲಯದಲ್ಲಿ ಸೇವೆ ಮಾಡಿದಾಗ, ನೋಯಿಸಿದಲ್ಲಿಗೇ ಹೋಗೆಂದು ಸ್ವಪ್ನದಲ್ಲಿ ಸೂಚನೆಯಾಯಿತಂತೆ. ಆಚಾರ್ಯರು ವಿಜಯದಾಸರ ಪಾದಕ್ಕೆ ಬಂದು ಬಿದ್ದರು.

ಇಲ್ಲಿ ವಿಜಯದಾಸರ ದೊಡ್ಡತನವನ್ನು ಗಮನಿಸಬೇಕು. ಅವರು ಹಂಗಿಸಲಿಲ್ಲ, ವಾದಕ್ಕೆ ಕರೆಯಲಿಲ್ಲ. ಗುಣಪಡಿಸಿದ ಕೀರ್ತಿಯನ್ನೂ ತಾವು ಇಟ್ಟುಕೊಳ್ಳದೆ ಉತ್ತನೂರಿನ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ಆಚಾರ್ಯರಿಗೆ ಮಂತ್ರಿಸಿದ ಜೋಳದ ರೊಟ್ಟಿಯನ್ನು ತಿನ್ನಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದು ಪ್ರತೀತಿಯಿದೆ. ಸಂಸ್ಕೃತದ ಪಂಡಿತನಿಗೆ ನಮ್ಮ ಸೀಮೆಯ ಜೋಳದ ರೊಟ್ಟಿಯೇ ಮದ್ದಾಯಿತು! ಆ ಪಂಡಿತರೇ ಪಂಢರಪುರದ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದು ಜಗನ್ನಾಥದಾಸರಾದರು. ಕನ್ನಡವನ್ನು ಹಳಿದ ಅದೇ ನಾಲಗೆಯಿಂದ, ಭಾಮಿನೀ ಷಟ್ಪದಿಯ 32 ಸಂಧಿಗಳಲ್ಲಿ ಹರಿಕಥಾಮೃತಸಾರವು ಹರಿದುಬಂದಿತು. ಅದಕ್ಕೆ ಮುಂದೆ ಸಂಸ್ಕೃತ ಪಂಡಿತರೇ ವ್ಯಾಖ್ಯಾನ ಬರೆದರೆಂದಮೇಲೆ ಅದರ ಮಹತ್ವವನ್ನು ನಾನೇನು ಹೇಳಲಿ?

ವಿಜಯದಾಸರು ತಮ್ಮ ಕೊನೆಯ ದಿನಗಳನ್ನು ಚಿಪ್ಪಗಿರಿಯಲ್ಲಿ ಕಳೆದು, 1755ರಲ್ಲಿ ಯುವ ಸಂವತ್ಸರದ ಕಾರ್ತೀಕ ಶುದ್ಧ ದಶಮಿಯಂದು ಹರಿಪಾದ ಸೇರಿದರು. ಆದರೆ ಅವರು ಕಟ್ಟಿದ ಕೂಟವು ಅವರೊಡನೆ ಮುಗಿಯಲಿಲ್ಲ. ಏಳು ವರ್ಷಗಳ ತರುವಾಯ, 1762ರಲ್ಲಿ, ಗೋಪಾಲದಾಸರೂ ಉತ್ತನೂರಿನಲ್ಲಿ ತೀರಿಕೊಂಡರು. ಜಗನ್ನಾಥದಾಸರು ಮಾನ್ವಿಯಲ್ಲಿ 1809ರವರೆಗೂ ಇದ್ದು ಲಿಂಗಸುಗೂರಿನ ಪ್ರಾಣೇಶದಾಸರಂಥ ಶಿಷ್ಯರನ್ನು ತಯಾರು ಮಾಡಿದರು. ಮಾನ್ವಿಯ ಅವರ ಮನೆಯ ಕಂಬದಲ್ಲಿ ಅವರ ಸಾನ್ನಿಧ್ಯವಿದೆಯೆಂದು ಜನರು ಇಂದಿಗೂ ಪೂಜಿಸುತ್ತಾರೆ. 1682ರಿಂದ 1809ರವರೆಗೆ ಲೆಕ್ಕ ಹಾಕಿದರೆ ನೂರಿಪ್ಪತ್ತೇಳು ವರ್ಷ. ಹಂಪೆ ಹಾಳಾದ ಮೇಲೆ ಎಷ್ಟು ಕಾಲ ಕೂಟವಿಲ್ಲದೆ ಹೋಗಿತ್ತೋ ಹೆಚ್ಚುಕಡಿಮೆ ಅಷ್ಟೇ ಕಾಲವನ್ನು ಈ ಮೂವರು ಗುರುಶಿಷ್ಯರು ತುಂಬಿಕೊಟ್ಟರು.

ಇಂದು ನಕ್ಷೆಯನ್ನು ಬಿಡಿಸಿ ನೋಡಿದರೆ ಈ ಕೂಟದ ಊರುಗಳು ಮೂರು ರಾಜ್ಯಗಳಲ್ಲಿ ಹಂಚಿಹೋಗಿವೆ. ಚೀಕಲಪರವಿ, ಮೊಸರಕಲ್ಲು, ಮಾನ್ವಿಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ ಈಗ ಕರ್ನಾಟಕದಲ್ಲಿವೆ. ಚಿಪ್ಪಗಿರಿಯು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿದೆ. ಉತ್ತನೂರು 2014ರಿಂದ ತೆಲಂಗಾಣಕ್ಕೆ ಸೇರಿದೆ. ಗುರುವಿನ ಸಮಾಧಿ ಒಂದು ರಾಜ್ಯದಲ್ಲಿ, ಶಿಷ್ಯನದು ಇನ್ನೊಂದರಲ್ಲಿ, ಪ್ರಶಿಷ್ಯನದು ಮತ್ತೊಂದರಲ್ಲಿ. ಆದರೂ ಆರಾಧನೆಯ ದಿನ ಅಲ್ಲಿ ಕೇಳಿಬರುವುದು ಕನ್ನಡದ ಹಾಡೇ. ಮದರಾಸಿನ ಆ ಪಾದ್ರಿ ಅಚ್ಚಿನ ಅಕ್ಷರಗಳಿಂದ ಮಾಡಿದ್ದನ್ನು ನಮ್ಮ ದಾಸರು ಅವನಿಗಿಂತ ಮೊದಲೇ ಕಂಠದಿಂದ ಮಾಡಿದ್ದರು.

ಇನ್ನು ನನ್ನ ಋಣದ ಮಾತು.

ನಮ್ಮದು ದೇವದುರ್ಗ ತಾಲೂಕಿನ ಒಂದು ಹಳ್ಳಿ. ಮಳೆಯನ್ನು ನಂಬಿದ ಒಂದಿಷ್ಟು ಹೊಲ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಿದ್ದರು. ನಾನು ಅಜ್ಜಿಯ ಬಳಿ ಉಳಿದು ಶಾಲೆಗೆ ಹೋಗುತ್ತಿದ್ದೆನು. ಅಪ್ಪನಿಗೆ ಓದು ಬಾರದು. ಆದರೆ ಭಜನೆಯಲ್ಲಿ ಅವನ ಕಂಠವೇ ಮುಂದು. ಊರಲ್ಲಿದ್ದರೆ ಪ್ರತಿ ಶನಿವಾರ ರಾತ್ರಿ ಹನುಮಂತದೇವರ ಗುಡಿಯಲ್ಲಿ. ಬೆಂಗಳೂರಿನಲ್ಲಿದ್ದರೆ ತಗಡಿನ ಶೆಡ್ಡಿನ ಮುಂದೆ, ನಮ್ಮ ಕಡೆಯ ಕೂಲಿಕಾರರೆಲ್ಲ ಕೂಡಿಕೊಂಡು. ಆ ನಗರದಲ್ಲಿ ಯಾರೂ ನಮ್ಮವರಲ್ಲ ಅನ್ನಿಸಿದಾಗ ತಾಳದ ಸಪ್ಪಳ ಕೇಳಿದರೆ ಊರಿನಲ್ಲಿಯೇ ಇದ್ದಂತಾಗುತ್ತಿತ್ತೆಂದು ಅವ್ವ ಹೇಳುತ್ತಾಳೆ.

ನಾನು ರಾಯಚೂರಿನ ಕಾಲೇಜು ಸೇರಿದ ಮೇಲೆ ಭಜನೆಯಿಂದ ದೂರವಾದೆನು. ಹಾರ್ಮೋನಿಯಮ್ಮಿನ ಮುಂದೆ ಕಣ್ಣು ಮುಚ್ಚಿ ಗಟ್ಟಿಯಾಗಿ ಹಾಡುವ ಅಪ್ಪನನ್ನು ನನ್ನ ಸಹಪಾಠಿಗಳು ಕಂಡರೆ ಏನೆಂದಾರೆಂಬ ನಾಚಿಕೆ. ಎರಡನೆಯ ವರ್ಷದಲ್ಲಿ ಒಮ್ಮೆ ರಜೆಗೆ ಹೋದಾಗ ಅಪ್ಪನು, ಇಂದು ನೀನೂ ಬಂದು ಕೂಡು, ತಾಳ ಹಿಡಿ ಎಂದು ಕರೆದನು. ಪರೀಕ್ಷೆ ಹತ್ತಿರ ಬಂದಿದೆ, ಓದಬೇಕು ಎಂದು ಹೇಳಿದೆನು. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಅಪ್ಪನು ಏನೂ ಅನ್ನಲಿಲ್ಲ. ಓದುವ ಹುಡುಗನಿಗೆ ಬೆಳಕು ಬೇಕೆಂದು ಮನೆಯಲ್ಲಿದ್ದ ಒಂದೇ ಬ್ಯಾಟರಿ ದೀಪವನ್ನು ನನ್ನ ಬಳಿ ಇಟ್ಟು, ತಾನು ಕತ್ತಲೆಯಲ್ಲಿ ಗುಡಿಗೆ ಹೋದನು.

ಈ ವರ್ಷ ಕನ್ನಡದ ತರಗತಿಯಲ್ಲಿ ದಾಸರ ಅಂಕಿತಗಳ ಪಾಠ ನಡೆಯಿತು. ಗುರುಗಳು ಹಲಗೆಯ ಮೇಲೆ ಒಂದೊಂದೇ ಅಂಕಿತವನ್ನು ಬರೆಯುತ್ತ ವಿಜಯವಿಠಲ ಎಂದು ಬರೆದಾಗ ನನ್ನ ಎದೆ ಜಗ್ಗೆಂದಿತು. ಅಪ್ಪನು ಪ್ರತಿ ಶನಿವಾರ ಹಾಡುವ ಪದದ ಕೊನೆಯ ನುಡಿ ಅದೇ! ಅದು ಯಾರದೆಂದು ಅವನು ತಿಳಿದವನಲ್ಲ, ನಾನು ಕೇಳಿದವನಲ್ಲ. ಅಂದಿನ ದಾಸರ ಪಂಕ್ತಿಯಲ್ಲಿ ನಮ್ಮಂಥವರಿಗೆ ಎಲೆ ಇರಲಿಲ್ಲವೆಂಬುದನ್ನು ನಾನು ಬಲ್ಲೆನು; ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಹಾಡು ಪಂಕ್ತಿಯಲ್ಲಿ ಕೂಡಲಿಲ್ಲ. ಎದ್ದು ಹೊರಗೆ ಬಂದಿತು. ಓದು ಬಾರದ ಒಕ್ಕಲಿಗನ ನಾಲಗೆಯ ಮೇಲೆ, ಅವನೊಡನೆ ಗುಳೆ ಹೋಗಿ, ಅವನೊಡನೆಯೇ ಮರಳಿತು. ನಾನು ಮೂರು ವರ್ಷ ಪುಸ್ತಕದಲ್ಲಿ ಹುಡುಕಿದ್ದು ನಮ್ಮ ಗುಡಿಯ ಕಟ್ಟೆಯ ಮೇಲೆಯೇ ಇತ್ತು.

ಮಾನ್ವಿಯ ಆಚಾರ್ಯರ ಹೊಟ್ಟೆನೋವಿನ ಕಥೆಯನ್ನು ಅನೇಕರು ಪವಾಡವೆಂದು ತಳ್ಳಿಬಿಡುವರು. ನಾನು ತಳ್ಳಲಾರೆನು. ಸ್ವಲ್ಪ ಓದಿದವನಿಗೆ ತನ್ನ ಜನರ ಮಾತು ಹಗುರವಾಗಿ ಕಾಣುವುದೇ ಆ ರೋಗ. ಅದು ನನಗೂ ಬಂದಿತ್ತು. ಆಚಾರ್ಯರು ಹೇಳಿದ್ದು ಹೊಟ್ಟೆನೋವಿನ ನೆಪ, ನಾನು ಹೇಳಿದ್ದು ಪರೀಕ್ಷೆಯ ನೆಪ, ಅಷ್ಟೇ ವ್ಯತ್ಯಾಸ.

ಮೊನ್ನೆ ಕಾರ್ತೀಕದಲ್ಲಿ ಊರಿಗೆ ಹೋದಾಗ ಯಾರೂ ಕರೆಯುವ ಮೊದಲೇ ಹೋಗಿ ಭಜನೆಯಲ್ಲಿ ಕುಳಿತೆನು. ಪದ ಮುಗಿದ ಮೇಲೆ ಆ ಕೊನೆಯ ನುಡಿ ಯಾರ ಹೆಸರೆಂಬುದನ್ನು, ಅವರು ನಮ್ಮ ಪಕ್ಕದ ತಾಲೂಕಿನವರೇ ಎಂಬುದನ್ನು, ಅವರೂ ಹಸಿವಿಗೆ ಊರು ಬಿಟ್ಟು ಹೋದವರೆಂಬುದನ್ನು ಅಪ್ಪನಿಗೆ ಹೇಳಿದೆನು. ಅಪ್ಪನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅವರೂ ನಮ್ಮಂತೆ ಗುಳೆ ಹೋದವರೇ ಎಂದು ಕೇಳಿದನು. ಹೌದೆಂದೆನು. ಅವನು ತಾಳವನ್ನು ನನ್ನ ಕೈಗೆ ಕೊಟ್ಟು ಅದೇ ಪದವನ್ನು ಮತ್ತೊಮ್ಮೆ ಎತ್ತಿದನು. ನನ್ನ ತಾಳ ಎರಡು ಮೂರು ಕಡೆ ತಪ್ಪಿತು, ಯಾರೂ ನಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ನಮ್ಮಲ್ಲಿ ಅನೇಕರು ಉದ್ಯೋಗಕ್ಕಾಗಿ ಬೆಂಗಳೂರು, ಹೈದರಾಬಾದುಗಳ ದಾರಿ ಹಿಡಿಯುವೆವು. ಚದುರುವುದು ನಮ್ಮ ಸೀಮೆಯ ಹಣೆಬರಹವೆಂದೇ ತೋರುವುದು. ಹೋಗುವಾಗ ಏನನ್ನು ಜೊತೆಗೆ ಒಯ್ಯಬೇಕೆಂಬುದನ್ನು ಚೀಕಲಪರವಿಯ ಆ ಬಡ ದಾಸಪ್ಪನು ತೋರಿಸಿಕೊಟ್ಟಿದ್ದಾನೆ. ನನ್ನ ಈ ಅಲ್ಪ ಬರಹದಲ್ಲಿ ತಪ್ಪುಗಳಿದ್ದರೆ ಗುರುಹಿರಿಯರು ತಿದ್ದಬೇಕೆಂದು, ಸಹಪಾಠಿಗಳು ಮನ್ನಿಸಬೇಕೆಂದು ಪ್ರಾರ್ಥಿಸಿ ಲೇಖನಿಯನ್ನು ಕೆಳಗಿಡುವೆನು.